‘ಒಣಗಲಿ, ತಡಿ’

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಧಾರವಾಡ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚೆ ಒಂದು ಪಿರಿಯಡ್ಡನ್ನು ಮಾತಿಗೆಂದೇ ಇಟ್ಟುಕೊಂಡಿದ್ದೇನೆ. ಮಕ್ಕಳು ಅದನ್ನು ‘ಮಾಡಿ ತೋರಸೂ ತಾಸು’ ಅನ್ನುತ್ತಾರೆ. ತನಗೆ ಬರುವ ಒಂದು ಕೆಲಸವನ್ನು 5 ನಿಮಿಷದಲ್ಲಿ ಎಲ್ಲರೆದುರು ಮಾಡಬೇಕು, ಮಾಡುತ್ತಲೇ ಅದು ಉಳಿದವರಿಗೂ ಬರುವ ಹಾಗೆ ಹೇಳಬೇಕು. ಇಷ್ಟೇ ನಿಯಮ.

ಮೊದಲು ಹೀಗಿರಲಿಲ್ಲ. ಆಗಸ್ಟ್ 15 ಹತ್ತಿರ ಬಂತೆಂದರೆ ಮಕ್ಕಳು ಭಾಷಣ ಬರೆಸಿಕೊಳ್ಳಲು ನನ್ನ ಸುತ್ತ ನೆರೆಯುತ್ತಿದ್ದರು. ‘ವೇದಿಕೆಯ ಮೇಲೆ ಆಸೀನರಾಗಿರುವ ಪೂಜ್ಯ ಗುರುಗಳೇ’ ಎಂದು ಗಟ್ಟಿಯಾಗಿ ಶುರುವಾದ ಮಾತು, ನಡುವೆ ಒಂದು ಶಬ್ದ ಮರೆತರೆ ಅಲ್ಲಿಗೇ ನಿಂತುಬಿಡುತ್ತಿತ್ತು. ಮಗು ಅಂಗಿಯ ಚುಂಗು ತಿರುವುತ್ತ, ಕಣ್ಣು ತುಂಬಿಕೊಂಡು ಕೆಳಗಿಳಿಯುತ್ತಿತ್ತು. ಬರೆದುಕೊಟ್ಟವನು ನಾನು, ಅಳುವುದು ಮಾತ್ರ ಆ ಮಗು. ಅದು ನನಗೆ ಸಹಿಸಲಾಗಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲ ಇಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕು ಅನ್ನುತ್ತದೆ. ಒಳ್ಳೆಯ ಮಾತು. ಆದರೆ ಹಳ್ಳಿಯ ಮಕ್ಕಳಲ್ಲಿ ಎಷ್ಟೋ ಜನ ಕೆಲಸ ಕಲಿತುಕೊಂಡೇ ಶಾಲೆಗೆ ಬಂದಿರುತ್ತಾರೆ. ಅದನ್ನು ಹೇಳು ಎಂದು ಅವರನ್ನು ಕೇಳುವವರಿರಲಿಲ್ಲ.

ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹಾಜರಿ ಕರೆದರೂ ಅವಳ ದನಿ ನನ್ನ ಮೇಜಿನವರೆಗೆ ಬರುತ್ತಿರಲಿಲ್ಲ. ಒಂದು ಶನಿವಾರ ಅವಳು ಮನೆಯಿಂದ ಜೋಳದ ಹಿಟ್ಟು ತಂದಳು. ಬಿಸಿಯೂಟದ ಅಕ್ಕ ಕುದಿಯುವ ಎಸರು ಕೊಟ್ಟರು. ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದ ಮೇಲೆ ಅವಳ ಬಾಯಿಂದ ಮಾತು ಬಂತು. ‘ರೊಟ್ಟಿ ನಾವು ತಿರುವಬಾರದು. ಅಂಗೈ ಹಿಂಗ ಬಿದ್ರ ಅದ ತಾನ ತಿರುಗತೈತಿ’ ಅಂದಳು. ನಾವೆಲ್ಲ ಬಗ್ಗಿ ನೋಡಿದೆವು. ನಿಜ! ಪ್ರತಿ ಪೆಟ್ಟಿಗೂ ರೊಟ್ಟಿ ಅವಳ ಕೈಕೆಳಗೆ ಚೂರುಚೂರೇ ಸುತ್ತುತ್ತಿತ್ತು. ನಾನು ಐವತ್ತು ವರ್ಷ ರೊಟ್ಟಿ ಉಂಡಿದ್ದೇನೆ, ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ನೀರು ಎಷ್ಟು?’ ಅವಳು, ‘ಹಿಟ್ಟು ಬೇಡಿದಷ್ಟು’ ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮುಂದಿನ ಶನಿವಾರ ತಾನೇ ಎದ್ದು ನಿಂತು ಹೇಳಿದಳು: ‘ಮನ್ಯಾಗ ಅಳದು ನೋಡೇನ್ರಿ ಸರ್. ಒಂದು ಬಟ್ಟಲ ಹಿಟ್ಟಿಗೆ ಸುಮಾರು ಒಂದು ಬಟ್ಟಲ ನೀರು. ಹಿಟ್ಟು ಹಳೇದಾದ್ರ ಜಿಗಿ ಇರೂದಿಲ್ಲ, ರೊಟ್ಟಿ ಬಿರೀತೈತಿ.’ ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರಲು ಅವಳು ಒಂದು ವಾರ ದುಡಿದಿದ್ದಳು. ಇದಕ್ಕಿಂತ ದೊಡ್ಡ ಭಾಷಣ ನಮ್ಮ ಶಾಲೆಯಲ್ಲಿ ನಾನು ಕೇಳಿಲ್ಲ.

ಈಗ ಈ ತಾಸಿನಲ್ಲಿ ಇನ್ನೊಂದು ಸುತ್ತು ಸೇರಿದೆ, ಅದರ ಹೆಸರು ರೇಡಿಯೊ ಸುತ್ತು. ಕೆಲಸ ಬಲ್ಲ ಮಗು ಗೋಡೆಗೆ ಮುಖ ಮಾಡಿ ಬರೀ ಹೇಳಬೇಕು, ಕೆಲಸ ಬಾರದ ಮಗು ಕೇಳಿದಷ್ಟನ್ನೇ ಮಾಡಬೇಕು. ನಾನು ಈಗ ನಿಮ್ಮೊಂದಿಗೆ ಮಾತಾಡುತ್ತಿರುವುದೂ ಹಾಗೆಯೇ, ನೋಡಿ. ನನ್ನ ಕೈ ನಿಮಗೆ ಕಾಣುವುದಿಲ್ಲ.

ಕೆಲವು ವಾರಗಳ ಹಿಂದೆ ಸೈಕಲ್ ಪಂಕ್ಚರ್ ಸರದಿ. ಹೇಳುವ ಹುಡುಗ ಇಂಥ ಹತ್ತಾರು ಟ್ಯೂಬು ದುರಸ್ತಿ ಮಾಡಿದವನು. ಟ್ಯೂಬಿಗೆ ಗಾಳಿ ಹೊಡೆಯಲು ಹೇಳಿದ, ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಲು ಹೇಳಿದ, ಒರೆಸಿ, ಗಾಳಿ ಬಿಟ್ಟು, ಸ್ಯಾಂಡ್ ಪೇಪರಿನಿಂದ ಉಜ್ಜಲು ಹೇಳಿದ. ‘ಸೊಲ್ಯೂಷನ್ ಹಚ್ಚು. ಪ್ಯಾಚ್ ಅಂಟಸು’ ಅಂದ. ಗೆಳೆಯ ಹಾಗೇ ಮಾಡಿದ. ಪ್ಯಾಚು ಜಾರಿ ಪಕ್ಕಕ್ಕೆ ಬಂತು. ಗೋಡೆಯ ಕಡೆಯಿಂದ ತಿರುಗಿ ನೋಡಿದವನೇ, ‘ಏ, ಒಣಗಲಿ ತಡಿ ಅನ್ನೂದ ಮರತ್ನಿ!’ ಎಂದು ತಲೆ ಮೇಲೆ ಕೈಯಿಟ್ಟುಕೊಂಡ. ತಾನು ಮಾಡುವಾಗ ಅವನು ಒಮ್ಮೆಯೂ ಹಸಿ ಸೊಲ್ಯೂಷನ್ ಮೇಲೆ ಪ್ಯಾಚ್ ಇಟ್ಟವನಲ್ಲ. ಕಾಯುವುದು ಅವನಿಗೆ ಕೆಲಸ ಅನ್ನಿಸಿಯೇ ಇರಲಿಲ್ಲ, ಹಾಗಾಗಿ ಬಾಯಿಗೆ ಬರಲಿಲ್ಲ. ಅವತ್ತಿನಿಂದ ಯಾರಾದರೂ ಒಂದು ಹಂತ ಬಿಟ್ಟರೆ ಇಡೀ ತರಗತಿ ಒಟ್ಟಿಗೇ ‘ಒಣಗಲಿ, ತಡಿ’ ಅನ್ನುತ್ತದೆ. ಹೇಳುವವರು ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಸೇರಿಸುತ್ತಾರೆ. ಈಗ ಯಾರೂ ಅಳುವುದಿಲ್ಲ.

ಈ ಶನಿವಾರ ಏಳನೇ ತರಗತಿಯ ಹುಡುಗಿಯೊಬ್ಬಳು ವಾಂತಿ-ಭೇದಿ ಆದವರಿಗೆ ಕೊಡುವ ಸಕ್ಕರೆ-ಉಪ್ಪಿನ ನೀರು ಮಾಡಿ ತೋರಿಸುತ್ತಾಳೆ. 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು: ‘ಸರ್, ಚಮಚ ಮಟ್ಟಸ ಇರಬೇಕೋ, ಗೋಪುರ ಇರಬೇಕೋ?’

ಮಟ್ಟಸ ಅಂದೆ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು.