ತೆಪ್ಪದ ಮೇಲಿದ್ದ ಇನ್ನೊಬ್ಬ

ಕೇಳುಗರಿಗೆ ನಮಸ್ಕಾರ.

ಮಾರ್ಕ್ ಟ್ವೈನ್‌ನ ‘ಹಕಲ್‌ಬರಿ ಫಿನ್‌ನ ಸಾಹಸಗಳು’ ಕಾದಂಬರಿ 1884ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ಮರುವರ್ಷದ ಫೆಬ್ರುವರಿಯಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. ಕುಡುಕ ತಂದೆಯ ಕೈಯಿಂದ ತಪ್ಪಿಸಿಕೊಂಡ ಹಕ್ ಎಂಬ ಹುಡುಗನೂ, ಒಡತಿ ತನ್ನನ್ನು 800 ಡಾಲರಿಗೆ ನ್ಯೂ ಆರ್ಲಿಯನ್ಸಿನ ಕಡೆಗೆ ಮಾರಿಬಿಡುತ್ತಾಳೆಂದು ಹೆದರಿ ಓಡಿಬಂದ ಜಿಮ್ ಎಂಬ ಗುಲಾಮನೂ ಒಂದೇ ತೆಪ್ಪದಲ್ಲಿ ಮಿಸಿಸಿಪ್ಪಿ ನದಿಯ ಗುಂಟ ಸಾಗುವ ಕಥೆ ಅದು. ಕಥೆ ಹೇಳುವವನು ಹಕ್. ಆದ್ದರಿಂದ ಅವನು ಕಂಡದ್ದಷ್ಟೇ ನಮಗೂ ಕಾಣುತ್ತದೆ. ಅವನು ದಡದ ಮೇಲೆ ಒಂದು ಸಿರಿವಂತ ಮನೆತನದ ಅತಿಥಿಯಾಗಿ ಉಂಡು ಮಲಗಿರುವಾಗ ಜಿಮ್ ಜೌಗುನೆಲದಲ್ಲಿ ಅಡಗಿರುತ್ತಾನೆ. ಆ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಏನು ನಡೆಯಿತೆಂಬುದಕ್ಕೆ ಟ್ವೈನ್‌ನ ಪುಸ್ತಕದಲ್ಲಿ ಜಾಗವಿಲ್ಲ.

2024ರಲ್ಲಿ ಪ್ರಕಟವಾಗಿ, ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡನ್ನೂ 2025ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದ ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’ ಕಾದಂಬರಿ ಹುಟ್ಟಿರುವುದು ಇಂತಹ ತೆರಪುಗಳಲ್ಲಿ. ಇಲ್ಲಿ ಕಥೆ ಹೇಳುವವನು ಜಿಮ್. ಕುವೆಂಪು ಅವರ ‘ಶೂದ್ರ ತಪಸ್ವಿ’ಯನ್ನು ಬಲ್ಲ ನಮಗೆ, ಹಳೆಯ ಕಥೆಯೊಂದನ್ನು ಅದು ಅಂಚಿಗೆ ತಳ್ಳಿದವನ ಕಡೆಯಿಂದ ನೋಡುವುದು ಹೊಸತಲ್ಲ, ಆದರೆ ಅಲ್ಲಿ ಶಂಬೂಕನ ಪರವಾಗಿ ಕವಿ ನಿಂತರೆ, ಇಲ್ಲಿ ಜಿಮ್ ತಾನೇ ಬರೆಯಲು ಕೂರುತ್ತಾನೆ.

ಟ್ವೈನ್ ತನ್ನ ಪುಸ್ತಕದ ಆರಂಭದಲ್ಲಿಯೇ, ಮಿಸೌರಿಯ ಕರಿಯರ ಆಡುನುಡಿಯನ್ನೂ ಸೇರಿಸಿಕೊಂಡು ಹಲವು ಪ್ರಾದೇಶಿಕ ನುಡಿಗಳನ್ನು ತಾನು ಶ್ರಮವಹಿಸಿ ದಾಖಲಿಸಿರುವುದಾಗಿ ಹೇಳಿಕೊಂಡಿದ್ದಾನೆ. ಎವರೆಟ್ ಆ ದಾಖಲೆಯನ್ನು ಸುಳ್ಳೆನ್ನುವುದಿಲ್ಲ. ಅದು ಬಿಳಿಯರ ಕಿವಿಗೆಂದೇ ಆಡಿದ ನಾಟಕದ ಮಾತು ಎನ್ನುತ್ತಾರೆ. ಗುಲಾಮರು ತಮ್ಮತಮ್ಮಲ್ಲಿ ಶುದ್ಧವಾದ, ಶಿಷ್ಟ ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುತ್ತಾರೆ, ಬಿಳಿಯನೊಬ್ಬ ಹತ್ತಿರ ಸುಳಿದೊಡನೆ ತೊದಲತೊಡಗುತ್ತಾರೆ. ಜಿಮ್ ತನ್ನ ಮಗಳಿಗೂ ಕೇರಿಯ ಇತರ ಮಕ್ಕಳಿಗೂ ಈ ತೊದಲನ್ನು ಪಾಠದಂತೆ ಕಲಿಸುವ ಪ್ರಸಂಗ ನಗೆ ತರಿಸುತ್ತದೆ, ಮರುಕ್ಷಣವೇ ಆ ನಗೆಗೆ ನಾವೇ ನಾಚುವಂತೆ ಮಾಡುತ್ತದೆ. ಬಿಳಿಯ ಹೆಂಗಸೊಬ್ಬಳ ಅಡುಗೆಮನೆಗೆ ಬೆಂಕಿ ಬಿದ್ದರೂ ‘ಬೆಂಕಿ’ ಎಂದು ನೇರವಾಗಿ ಕೂಗಬಾರದು. ಅಪಾಯವನ್ನು ಮೊದಲು ಹೆಸರಿಸಿದವಳು ಆಕೆಯೇ ಎನ್ನಿಸಬೇಕು. ಒಡೆಯರಿಗೆ ತಾವೇ ಜಾಣರೆಂಬ ಭಾವನೆ ಉಳಿದಿರುವವರೆಗೆ ಮಾತ್ರ ಮಕ್ಕಳ ಬೆನ್ನು ಚಾಟಿಯಿಂದ ಪಾರು.

ಕಾದಂಬರಿಯ ತಿರುಳು ನನಗೆ ಕಂಡದ್ದು ಒಂದು ಪೆನ್ಸಿಲಿನಲ್ಲಿ. ನ್ಯಾಯಾಧೀಶ ಥ್ಯಾಚರನ ಗ್ರಂಥಾಲಯದಲ್ಲಿ ಕದ್ದು ಓದಿ ಬೆಳೆದ ಜಿಮ್, ಕನಸಿನಲ್ಲಿ ಯುರೋಪಿನ ತತ್ತ್ವಜ್ಞಾನಿಗಳಾದ ವೋಲ್ಟೇರ್ ಮತ್ತು ಲಾಕ್ ಅವರನ್ನು ಎದುರಿಗೆ ಕೂರಿಸಿಕೊಂಡು, ಮನುಷ್ಯರೆಲ್ಲ ಸ್ವತಂತ್ರರೆಂದು ಬರೆದವರು ಗುಲಾಮಗಿರಿಯ ಜೊತೆ ರಾಜಿಯಾದದ್ದು ಹೇಗೆಂದು ವಾದಿಸುವವನು. ಆದರೆ ಬರೆಯಲು ಅವನ ಬಳಿ ಏನೂ ಇಲ್ಲ. ಜಾರ್ಜ್ ಎಂಬ ಇನ್ನೊಬ್ಬ ಗುಲಾಮ ಅವನಿಗಾಗಿ ಒಡೆಯನ ಪೆನ್ಸಿಲೊಂದನ್ನು ಕದ್ದು ತಂದುಕೊಡುತ್ತಾನೆ, ಅದಕ್ಕೆ ಬೆಲೆಯಾಗಿ ಪ್ರಾಣವನ್ನು ತೆರುತ್ತಾನೆ. ಇದು ಕಾದಂಬರಿಕಾರನ ಅತಿಶಯೋಕ್ತಿ ಎನಿಸಬಹುದು. ಕರಿಯರಿಗೆ ಓದುಬರಹ ಕಲಿಸುವ ಶಾಲೆಯನ್ನು ಯಾರೂ ನಡೆಸಕೂಡದೆಂದು ಮಿಸೌರಿ ರಾಜ್ಯ 1847ರಲ್ಲಿ ಕಾನೂನನ್ನೇ ಮಾಡಿತ್ತು ಎಂಬುದನ್ನು ನೆನೆದರೆ ಹಾಗೆನಿಸದು. ಅಲ್ಲಿಂದ ಮುಂದೆ ಜಿಮ್ ಬರೆಯುವ ಒಂದೊಂದು ಸಾಲೂ ಜಾರ್ಜನಿಗೆ ಸಲ್ಲಬೇಕಾದ ಋಣವಾಗುತ್ತದೆ.

ಬರೆಯಲು ಬೇಕಾದ ಪುಸ್ತಕ ಅವನಿಗೆ ಸಿಗುವ ಬಗೆಯೂ ಕಟುವಾದ ವ್ಯಂಗ್ಯದಿಂದ ಕೂಡಿದೆ. ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸಿ ಹಾಡುತ್ತಿದ್ದ ಬಿಳಿಯರ ತಂಡಗಳು ಆ ಕಾಲದ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿದ್ದವು. 1843ರಲ್ಲಿ ನ್ಯೂಯಾರ್ಕಿನಲ್ಲಿ ಅಂತಹ ತಂಡ ಕಟ್ಟಿದ ಡೇನಿಯಲ್ ಎಮ್ಮೆಟ್ ನಿಜವಾಗಿ ಬದುಕಿದ್ದ ವ್ಯಕ್ತಿ. ಕಾದಂಬರಿಯಲ್ಲಿ ಅವನು ಜಿಮ್‌ನ ಕಂಠಕ್ಕೆ ಮಾರುಹೋಗಿ ಅವನನ್ನು ಕೊಳ್ಳುತ್ತಾನೆ, ಕರಿಯನ ಮುಖಕ್ಕೇ ಮಸಿ ಬಳಿಸಿ, ಕರಿಯನ ವೇಷ ಹಾಕಿದ ಬಿಳಿಯನೆಂದು ವೇದಿಕೆಗೆ ಹತ್ತಿಸುತ್ತಾನೆ. ಕೊಂಡುಕೊಂಡರೂ ತಾನು ಗುಲಾಮಗಿರಿಯ ವಿರೋಧಿಯೆಂದೇ ಅವನ ನಂಬಿಕೆ. ಅಲ್ಲಿಂದ ಓಡಿಹೋಗುವಾಗ ಜಿಮ್ ಕದ್ದೊಯ್ಯುವುದು ಆ ಹಾಡುಗಳ ಟಿಪ್ಪಣಿ ಪುಸ್ತಕವನ್ನು. ಅದರ ಖಾಲಿ ಹಾಳೆಗಳಲ್ಲಿ ಅವನ ಕಥೆ ಮೂಡುತ್ತದೆ.

ಟ್ವೈನ್‌ನ ಕಡೆಯ ಅಧ್ಯಾಯಗಳನ್ನು ಎವರೆಟ್ ಕೈಬಿಟ್ಟಿದ್ದಾರೆ. ಒಡತಿಯ ಉಯಿಲಿನಿಂದ ಎರಡು ತಿಂಗಳ ಹಿಂದೆಯೇ ಬಿಡುಗಡೆ ಹೊಂದಿದ್ದ ಜಿಮ್‌ನನ್ನು, ಆ ಸಂಗತಿ ಗೊತ್ತಿದ್ದೂ ಹಕ್‌ನ ಗೆಳೆಯ ಟಾಮ್ ಸಾಯರ್ ತನ್ನ ಆಟಕ್ಕಾಗಿ ಸೆರೆಯಲ್ಲಿ ಕೊಳೆಸುವ ಭಾಗ ಅದು. ಬಿಟ್ಟದ್ದು ಸರಿ ಎಂದೇ ನನ್ನ ಎಣಿಕೆ.

ಇನ್ನೊಂದು ಬದಲಾವಣೆಯನ್ನು ಮಾತ್ರ ನಾನು ಒಪ್ಪಲಾರೆ. ಇನ್ನೂ ಓದದವರು ಮನ್ನಿಸಬೇಕು, ಇದನ್ನು ಹೇಳದೆ ವಿಧಿಯಿಲ್ಲ: ಈ ಕಾದಂಬರಿಯಲ್ಲಿ ಹಕ್ ಜಿಮ್‌ನ ಸ್ವಂತ ಮಗ. ಟ್ವೈನ್‌ನ ಹಕ್, ಜಿಮ್ ಇರುವ ಸ್ಥಳವನ್ನು ಒಡತಿಗೆ ತಿಳಿಸಲು ಬರೆದ ಪತ್ರವನ್ನು ಹರಿದುಹಾಕಿ, ನರಕಕ್ಕೆ ಹೋದರೂ ಸರಿಯೆಂದು ನಿಶ್ಚಯಿಸುವಾಗ ಅವರಿಬ್ಬರ ನಡುವೆ ರಕ್ತಸಂಬಂಧವೇನೂ ಇರಲಿಲ್ಲ. ಜೊತೆಯಲ್ಲಿ ಕಳೆದ ಹಗಲುರಾತ್ರಿಗಳು ಮಾತ್ರ ಇದ್ದವು, ಆ ನಿಶ್ಚಯದ ತೂಕವೆಲ್ಲ ಅಲ್ಲಿತ್ತು. ಒಡೆಯರ ಮನೆಗಳಲ್ಲಿ ಬಚ್ಚಿಟ್ಟ ರಕ್ತಸಂಬಂಧಗಳು ಚರಿತ್ರೆಗೆ ಹೊರತಲ್ಲವೆಂಬುದು ನಿಜ. ಆದರೂ ಸಾಕಿ ಸಲಹುವುದಕ್ಕೆ ಕಾರಣ ಬೇಕಿಲ್ಲವೆಂದು ಮೊದಲರ್ಧದ ಉದ್ದಕ್ಕೂ ತೋರಿಸಿದ ಲೇಖಕರೇ ಇಲ್ಲಿ ಅದಕ್ಕೊಂದು ಕಾರಣವನ್ನು ಒದಗಿಸಿಬಿಟ್ಟಿದ್ದಾರೆ.