ಅತ್ತೆಯ ಮುತ್ತಜ್ಜಿಯನ್ನು ಹುಡುಕಿಕೊಂಡು ಲ್ಲಾನ್‌ದೆವಿ ಬ್ರೆವಿಗೆ

ಬೆಳಿಗ್ಗೆ ಏಳು ಗಂಟೆ. ಅಬೆರಿಸ್ಟ್‌ವಿತ್‌ನ ನಮ್ಮ ಮನೆ ಮುಂದೆ ಕಾರಿಗೆ ಸಾಮಾನು ತುಂಬುತ್ತಿದ್ದೇವೆ. ನಾಲ್ಕು ಬಾಟಲಿ ನೀರು, ಒಂದು ಮೆತ್ತನೆಯ ಬ್ರಷ್, ದೊಡ್ಡ ಟಾರ್ಚ್, ಫ್ಲಾಸ್ಕಿನಲ್ಲಿ ಚಹಾ. ಆಗಲೇ ಮುಂದಿನ ಸೀಟಿನಲ್ಲಿ ಕೂತು ಕಾಯುತ್ತಿರುವವರು ನನ್ನ ಗಂಡನ ಅಮ್ಮ. ವಯಸ್ಸು 79. ಮದುವೆಯಾಗಿ ಇಲ್ಲಿಗೆ ಬಂದ ದಿನದಿಂದ ನಾನು ಅವರನ್ನು ‘ಅತ್ತೆ’ ಅಂತಲೇ ಕರೆಯುತ್ತೇನೆ. ಅವರಿಗೂ ಅದು ಇಷ್ಟ.

ಇವತ್ತು ಹೊರಟಿರುವುದು ಅತ್ತೆಯ ಮುತ್ತಜ್ಜಿಯ ಊರಿಗೆ. ವೇಲ್ಸ್‌ನ ಕೆರೆಡಿಗಿಯಾನ್ ಜಿಲ್ಲೆಯ ಲ್ಲಾನ್‌ದೆವಿ ಬ್ರೆವಿ. ಆ ಮೊದಲ ಅಕ್ಷರ ನಮ್ಮ ಬಾಯಿಗೆ ಸುಲಭಕ್ಕೆ ಬರುವುದಿಲ್ಲ. ‘ಲ’ ಹೇಳುವ ಹಾಗೆ ನಾಲಿಗೆ ಇಟ್ಟು, ದನಿ ತೆಗೆಯದೆ ಸುಮ್ನೆ ಗಾಳಿ ಬಿಡಬೇಕು. ‘ಲ್ಲಾನ್’ ಅಂದರೆ ಚರ್ಚು. ‘ದೆವಿ’ ಅಂದರೆ ಸಂತ ಡೇವಿಡ್, ವೇಲ್ಸ್ ಜನರ ಸಂತ. ಬ್ರೆವಿ ಅನ್ನುವುದು ಅಲ್ಲಿ ಹರಿಯುವ ಹಳ್ಳ.

ಮುತ್ತಜ್ಜಿಯ ಹೆಸರನ್ನು ಈ ವಿಡಿಯೋದಲ್ಲಿ ಹೇಳುವುದಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಹೇಳಿದ್ದರೂ ನಿಮಗೆ ಗುರುತು ಸಿಗುತ್ತಿರಲಿಲ್ಲ. ನಮಗೇ ಸಿಗದೆ ಮೂರು ತಿಂಗಳು ಒದ್ದಾಡಿದ್ದೇವೆ.

ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಇನಿಶಿಯಲ್ ಇದೆ. ನಿಮ್ಮಲ್ಲಿ ತುಂಬಾ ಜನರಿಗೂ ಹಾಗೇ ಅಲ್ವಾ? ಹಳೇ ಕಾಲದಲ್ಲಿ ಇಲ್ಲೂ ಅಪ್ಪನ ಹೆಸರೇ ಮಕ್ಕಳಿಗೆ ಗುರುತು. ಮಗನಾದರೆ ನಡುವೆ ‘ಅಪ್’ ಅಥವಾ ‘ಅಬ್’, ಮಗಳಾದರೆ ‘ವೆರ್ಖ್’. ಕುಟುಂಬಕ್ಕೆಲ್ಲ ಒಂದೇ ಅಡ್ಡಹೆಸರು ಇಟ್ಟುಕೊಳ್ಳುವ ರೂಢಿ ಇಂಗ್ಲೆಂಡಿನಿಂದ ನಿಧಾನಕ್ಕೆ ಬಂತು. ಆಗ ಅಪ್ ರೀಸ್ ಎನ್ನುವುದು ಪ್ರೈಸ್ ಆಯಿತು. ಅಪ್ ಹವೆಲ್ ಹೋಗಿ ಪೊವೆಲ್ ಆಯಿತು, ಅಬ್ ಒವೆನ್ ಹೋಗಿ ಬೊವೆನ್. ಜಾನ್‌ನ ಮಕ್ಕಳು ಜೋನ್ಸ್, ಡೇವಿಡ್‌ನ ಮಕ್ಕಳು ಡೇವಿಸ್, ಇವಾನ್‌ನ ಮಕ್ಕಳು ಇವಾನ್ಸ್. ಜನ ಮಕ್ಕಳಿಗೆ ಇಡುತ್ತಿದ್ದ ಹೆಸರುಗಳೇ ಕಡಿಮೆ. ಹಾಗಾಗಿ ಒಂದು ಹಳ್ಳಿಯಲ್ಲಿ ಕೂಗಿದರೆ ಹತ್ತು ಮನೆಯಿಂದ ಓ ಅನ್ನುವ ಸ್ಥಿತಿ.

ನಮಗಾದದ್ದೂ ಅದೇ. 1851ರ ಜನಗಣತಿಯಲ್ಲಿ ಈ ಪ್ಯಾರಿಷ್‌ನಲ್ಲಿ, ಅಂದರೆ ಈ ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶದಲ್ಲಿ, ಮುತ್ತಜ್ಜಿಯ ಹೆಸರಿನ ಹುಡುಗಿಯರು ಇಬ್ಬರು. ಇಬ್ಬರಿಗೂ ಆರು ವರ್ಷ. ಇಬ್ಬರ ಅಪ್ಪಂದಿರ ಹೆಸರೂ ಒಂದೇ! ಒಂದು ವಂಶವೃಕ್ಷದ ಜಾಲತಾಣದಲ್ಲಿ ಯಾರೋ ಇವರಿಬ್ಬರನ್ನು ಒಬ್ಬಳೇ ಅಂದುಕೊಂಡು ಜೋಡಿಸಿದ್ದರು. ನಾವು ಅದನ್ನೇ ನಂಬಿ ಬೇರೆಯವರ ಮನೆಯ ಹುಟ್ಟು ಸಾವುಗಳನ್ನೆಲ್ಲ ಬರೆದುಕೊಂಡೆವು. ಆ ಇನ್ನೊಬ್ಬ ಹುಡುಗಿಯ ಕುಟುಂಬ ಅಮೆರಿಕಕ್ಕೆ ಹೋಗಿದೆ ಅಂತ ಗೊತ್ತಾದಾಗಲೇ ತಪ್ಪಿದ್ದೆಲ್ಲಿ ಅಂತ ಹೊಳೆದದ್ದು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಅಡುಗೆಮನೆಯಲ್ಲಿ ಅವರಿಗೆ ಏನೋ ನೆನಪಾಯಿತು.

ಅತ್ತೆ ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ. ಅವರ ಮನೆಯವರದ್ದು ಹಾಲಿನ ಅಂಗಡಿ. ಕೆರೆಡಿಗಿಯಾನ್ ಕಡೆಯ ಸಾವಿರಾರು ಜನ 19ನೇ ಶತಮಾನದಿಂದ ಲಂಡನ್ನಿಗೆ ಹೋಗಿ ಹಾಲಿನ ವ್ಯಾಪಾರ ಹಿಡಿದರು. ಮೊದಮೊದಲು ಪಟ್ಟಣದೊಳಗೇ ಕೊಟ್ಟಿಗೆ ಕಟ್ಟಿ ಹಸು ಸಾಕುತ್ತಿದ್ದರು. ಆಮೇಲೆ ರೈಲಿನಲ್ಲಿ ಹಾಲು ಬರತೊಡಗಿತು. ಬೆಳಗಿನ ಜಾವ ಎದ್ದು ಮನೆಮನೆಗೆ ಹಾಲು ಹಾಕುವುದು, ಭಾನುವಾರ ವೆಲ್ಷ್ ಚಾಪೆಲ್ಲಿಗೆ, ಅಂದರೆ ವೇಲ್ಸ್ ಭಾಷೆಯ ಪ್ರಾರ್ಥನಾ ಮಂದಿರಕ್ಕೆ, ಹೋಗುವುದು. ಎಷ್ಟೋ ಜನ ಸತ್ತ ಮೇಲೆ ಅವರ ಪೆಟ್ಟಿಗೆ ಅದೇ ರೈಲಿನಲ್ಲಿ ವಾಪಸ್ ಊರಿಗೆ ಬರುತ್ತಿತ್ತು, ತಮ್ಮ ಮಣ್ಣಿನಲ್ಲೇ ಹೂಳಲಿ ಅಂತ. ಈ ಕಡೆಯ ಸಮಾಧಿಗಳ ಮೇಲೆ ಲಂಡನ್ ಎಂಬ ಹೆಸರು ಕಂಡರೆ ಆಶ್ಚರ್ಯಪಡಬೇಡಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆಯ ಅಜ್ಜಿ ಇರುತ್ತಿದ್ದರು. ಅಜ್ಜಿಗೆ ಈ ಕಡೆ ‘ಮಾಮ್‌ಗೀ’ ಅನ್ನುತ್ತಾರೆ. ಆ ಮಾಮ್‌ಗೀ ತಮ್ಮ ತಾಯಿಯ ಮಾತು ಬಂದಾಗೆಲ್ಲ ಅವರ ಹೆಸರಿನ ಜೊತೆ ಇನ್ನೊಂದು ಪದ ಸೇರಿಸಿ ಹೇಳುತ್ತಿದ್ದರಂತೆ. ಮುದ್ದಿಗೆ ಕರೆಯುವ ಹೆಸರು ಇರಬೇಕು ಅಂತ ಅತ್ತೆ ಅಂದುಕೊಂಡಿದ್ದರು. ಅದು ಫಾರ್ಮಿನ ಹೆಸರು! ಜನರ ಹೆಸರೆಲ್ಲ ಒಂದೇ ಆದಾಗ ಇಲ್ಲಿಯವರು ಮಾಡಿಕೊಂಡ ಉಪಾಯ ಅದು. ಇಂಥವರು ಇಂಥ ಫಾರ್ಮಿನವರು ಅಂತ ಕರೆದರೆ ಮುಗಿಯಿತು. ಈಗಲೂ ಹಳ್ಳಿಗಳಲ್ಲಿ ಹಾಗೇ ಕರೆಯುತ್ತಾರೆ.

ಅಲ್ಲಿಂದ ಹುಡುಕಾಟದ ದಾರಿ ಬದಲಾಯಿತು. ಈಗ ನೀವು ನೋಡುತ್ತಿರುವ ಕಲ್ಲಿನ ದೊಡ್ಡ ಕಟ್ಟಡ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ. 1907ರಲ್ಲಿ ಶುರುವಾದದ್ದು. ನಮ್ಮ ಅಬೆರಿಸ್ಟ್‌ವಿತ್‌ನಲ್ಲೇ ಇದೆ, ಗುಡ್ಡದ ಮೇಲೆ ಸಮುದ್ರದ ಕಡೆ ಮುಖ ಮಾಡಿಕೊಂಡು. ಇಲ್ಲಿ ಪ್ಯಾರಿಷ್ ರಿಜಿಸ್ಟರುಗಳು ಸಿಗುತ್ತವೆ. 1858ಕ್ಕಿಂತ ಹಿಂದಿನ 1 ಲಕ್ಷ 90 ಸಾವಿರಕ್ಕೂ ಜಾಸ್ತಿ ಉಯಿಲುಗಳಿವೆ. ಹಳೆಯ ಪತ್ರಿಕೆಗಳಿವೆ. ಉಯಿಲು, ಪತ್ರಿಕೆ ಎರಡನ್ನೂ ಮನೆಯಲ್ಲೇ ಕೂತು ದುಡ್ಡಿಲ್ಲದೆ ನೋಡಬಹುದು.

ನಮಗೆ ಜಾಸ್ತಿ ಉಪಯೋಗವಾದದ್ದು ಟೈದ್ ನಕ್ಷೆ. ಬೆಳೆಯ ಹತ್ತರಲ್ಲೊಂದು ಪಾಲು ಚರ್ಚಿಗೆ ಸಲ್ಲಬೇಕು ಅನ್ನುವ ಪದ್ಧತಿ ಇತ್ತು, ಆ ಪಾಲೇ ಟೈದ್. 1836ರ ಕಾನೂನು ಬಂದ ಮೇಲೆ ಅದನ್ನು ದುಡ್ಡಿನಲ್ಲಿ ಕಟ್ಟಬೇಕಾಯಿತು. ಯಾರದ್ದು ಎಷ್ಟು ಅಂತ ಲೆಕ್ಕ ಹಾಕಲು ಪ್ಯಾರಿಷ್‌ಗೆ ಒಂದರಂತೆ ನಕ್ಷೆ ಬರೆಸಿದರು. ಜೊತೆಗೆ ಒಂದು ಪಟ್ಟಿ. ನಮ್ಮ ಪಹಣಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಜಮೀನಿನ ಒಡೆಯ ಯಾರು, ಗೇಣಿಗೆ ಮಾಡುತ್ತಿರುವವರು ಯಾರು, ಎಷ್ಟು ಎಕರೆ, ಎಲ್ಲ ಅದರಲ್ಲಿದೆ. ಎಷ್ಟೋ ಪ್ಯಾರಿಷ್‌ಗಳಲ್ಲಿ ಒಂದೊಂದು ಹೊಲದ ಹೆಸರನ್ನೂ ಬರೆದಿದ್ದಾರೆ. ಮಾಮ್‌ಗೀ ಹೇಳುತ್ತಿದ್ದ ಪದ ಆ ಪಟ್ಟಿಯಲ್ಲಿ ಸಿಕ್ಕಿತು. ಪಕ್ಕದಲ್ಲಿ ಗೇಣಿದಾರ ಅಂತ ಮುತ್ತಜ್ಜಿಯ ಅಪ್ಪನ ಹೆಸರು.

ಆಮೇಲೆ ಚರ್ಚಿನ ರಿಜಿಸ್ಟರು. 1813ರಿಂದ ಅಚ್ಚಾದ ನಮೂನೆಯಲ್ಲೇ ಬರೆಯಬೇಕಿತ್ತು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದಾಗ ಅಪ್ಪನ ಕಸುಬು, ವಾಸದ ಜಾಗ ಎರಡಕ್ಕೂ ಅಂಕಣ ಇತ್ತು. 1845ರ ಪುಟದಲ್ಲಿ ವಾಸದ ಜಾಗದ ಅಂಕಣದಲ್ಲಿ ಅದೇ ಫಾರ್ಮು. ಇಬ್ಬರು ಹುಡುಗಿಯರಲ್ಲಿ ನಮ್ಮವಳು ಯಾರು ಅಂತ ಆಗ ಖಚಿತವಾಯಿತು.

ಮದುವೆಯ ಪುಟ 1868ರದ್ದು. ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಗಂಡನ ಸಹಿ ಇದೆ. ಹೆಂಡತಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು, ಅಷ್ಟೇ. ಮೊದಲ ಗೆರೆ ನೇರವಾಗಿದೆ. ಎರಡನೆಯದು ಕೆಳಗೆ ಬರುವಷ್ಟರಲ್ಲಿ ನಡುಗಿದೆ, ತುದಿಯಲ್ಲಿ ಮಸಿ ಹರಡಿದೆ. ಅತ್ತೆ ಪರದೆಯ ಮೇಲೆ ಬೆರಳಿಟ್ಟು ಆ ಗೆರೆಯನ್ನು ಎರಡು ಸಲ ತಿದ್ದಿದರು.

ಓದು ಬಾರದವಳು ಅಂತ ನಾನು ಅಂದುಬಿಟ್ಟೆ. ಅತ್ತೆ ಒಪ್ಪಲಿಲ್ಲ. ಅವರು ಹೇಳಿದ್ದು ಸರಿ. ಇಲ್ಲಿನ ಭಾನುವಾರದ ಶಾಲೆಗಳಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ವೆಲ್ಷ್ ಬೈಬಲ್ ಓದುವುದನ್ನು ಕಲಿಸುತ್ತಿದ್ದರು, ಬರೆಯುವುದನ್ನಲ್ಲ. ಹಾಗಾಗಿ ಸಹಿಯ ಜಾಗದಲ್ಲಿ ಗುರುತು ಹಾಕಿದ ಹೆಂಗಸು ಮನೆಯಲ್ಲಿ ಬೈಬಲ್ಲನ್ನು ಸರಾಗವಾಗಿ ಓದುತ್ತಿದ್ದಿರಬಹುದು. ಇನ್ನೂ ಒಂದು ವಿಷಯ. 1891ರ ಜನಗಣತಿಯಲ್ಲಿ ವೇಲ್ಸ್ ಜನರನ್ನು ಮೊದಲ ಸಲ ಯಾವ ಭಾಷೆ ಆಡುತ್ತೀರಿ ಅಂತ ಕೇಳಿದರು. ಮುತ್ತಜ್ಜಿಯ ಮುಂದೆ ‘ವೆಲ್ಷ್’ ಅಂತ ಒಂದೇ ಪದ. ಅವರಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ಆದರೆ ಅವರ ಹುಟ್ಟು, ಮದುವೆ, ಸಾವು ಎಲ್ಲವನ್ನೂ ಬರೆದಿಟ್ಟಿರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಮಾಯರ್ ಆಗಿದ್ದವಳು ಕಾಗದದಲ್ಲಿ ಮೇರಿ, ದಾವಿದ್ ಆಗಿದ್ದವನು ಡೇವಿಡ್. ಈ ಊರಿನ ಎಷ್ಟು ಜನರ ಬದುಕು ಹೀಗೆ ಅವರಿಗೇ ಅರ್ಥವಾಗದ ಕಾಗದದಲ್ಲಿದೆಯೋ! ನನಗೆ ಇದು ನಿಜವಾಗಿ ಸಂಕಟವಾಗುತ್ತದೆ.

ಬಂತು, ಇದೇ ಲ್ಲಾನ್‌ದೆವಿ ಬ್ರೆವಿ. ದೂರದಿಂದ ಕಾಣುತ್ತಿರುವುದು ಚರ್ಚಿನ ಗೋಪುರ. ಸುತ್ತಲಿನ ಜಾಗಕ್ಕಿಂತ ಚರ್ಚು ಎತ್ತರದಲ್ಲಿದೆ ನೋಡಿ. ದೆವಿ ಇಲ್ಲಿ ಉಪದೇಶ ಮಾಡುವಾಗ ಹಿಂದೆ ನಿಂತವರಿಗೂ ಕಾಣಲಿ, ಕೇಳಲಿ ಅಂತ ಅವರ ಕಾಲಡಿಯ ನೆಲವೇ ಮೇಲೆದ್ದಿತಂತೆ. ಗೋಡೆಯಲ್ಲಿ ಒಂದು ಒಡೆದ ಕಲ್ಲಿದೆ. ಇದ್ನೆರ್ತ್ ಎನ್ನುವವನ ನೆನಪಿಗೆ ಕೆತ್ತಿದ ಕಲ್ಲು, ದೆವಿಯ ಹೆಸರು ಕಾಣುವ ತೀರಾ ಹಳೆಯ ಬರಹಗಳಲ್ಲಿ ಒಂದು. ಯಾವುದೋ ಕಾಲದಲ್ಲಿ ಅದನ್ನು ಒಡೆದು ಗೋಡೆಗೆ ಹಾಕಿಬಿಟ್ಟರು. ಎಡ್ವರ್ಡ್ ಲುಯಿಡ್ ಎಂಬ ವಿದ್ವಾಂಸ ಅದಕ್ಕೂ ಮೊದಲು, 17ನೇ ಶತಮಾನದ ಕೊನೆಯ ಹೊತ್ತಿಗೆ, ಬರಹವನ್ನು ನಕಲು ಮಾಡಿಕೊಂಡಿದ್ದ. ಅದರಿಂದಲೇ ಇವತ್ತು ಕಲ್ಲಿನಲ್ಲಿ ಏನಿತ್ತು ಅಂತ ಗೊತ್ತು. ಪುಣ್ಯಾತ್ಮ.

ಸಮಾಧಿ ಹುಡುಕಲು ಒಂದೂವರೆ ಗಂಟೆ ಬೇಕಾಯಿತು. ಸ್ಲೇಟ್ ಕಲ್ಲು, ಮೇಲೆಲ್ಲ ಕಲ್ಲುಹೂವು. ದಯವಿಟ್ಟು ಯಾರೂ ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಸೀಮೆಸುಣ್ಣವನ್ನೂ ಬಳಿಯಬೇಡಿ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಆಮೇಲೆ ಟಾರ್ಚನ್ನು ಮುಂದಿನಿಂದ ಅಲ್ಲ, ಕಲ್ಲಿನ ಪಕ್ಕಕ್ಕೆ ತಾಗಿಸಿ ಹಿಡಿಯಬೇಕು. ಆಗ ಅಕ್ಷರದ ಗುಂಡಿಗಳಲ್ಲಿ ನೆರಳು ತುಂಬುತ್ತದೆ. ನೋಡಿ, ಈಗ ಏನೂ ಇಲ್ಲ. ಈಗ... ಬಂತು.

ಅತ್ತೆ ಜೋರಾಗಿ ಓದುತ್ತಿದ್ದಾರೆ. ‘ಎರ್ ಕೋವ್ ಆಮ್’, ನೆನಪಿಗಾಗಿ. ಮೊದಲು ಗಂಡನ ಹೆಸರು. ಕೆಳಗೆ ‘ಹೆವಿದ್’, ಅಂದರೆ ‘ಹಾಗೆಯೇ’. ಅದರ ಕೆಳಗೆ ಮುತ್ತಜ್ಜಿ. 1919. ಹೆಸರಿನ ಪಕ್ಕದಲ್ಲೇ ಫಾರ್ಮಿನ ಹೆಸರು. ತಳದಲ್ಲಿ ಒಂದು ಎಂಗ್ಲಿನ್, ವೆಲ್ಷ್ ಭಾಷೆಯ ನಾಲ್ಕು ಸಾಲಿನ ಪದ್ಯ. ಲೆಕ್ಕವಾಗಿ 30 ಅಕ್ಷರ, ಪ್ರಾಸದ ಕಟ್ಟು ಬಹಳ ಬಿಗಿ. ಇಲ್ಲಿ ಸ್ಲೇಟ್ ಪದರು ಎದ್ದು ಎರಡು ಸಾಲು ಮಾತ್ರ ಉಳಿದಿದೆ. ಅತ್ತೆ ಆ ಎರಡು ಸಾಲನ್ನು ಮತ್ತೆ ಮತ್ತೆ ಹೇಳಿದರು. ಮುತ್ತಜ್ಜಿಯ ಬಗ್ಗೆ ಅವರದೇ ಭಾಷೆಯಲ್ಲಿ ನಮಗೆ ಸಿಕ್ಕ ಬರಹ ಇದೊಂದೇ.

ಈ ಪ್ಯಾರಿಷ್ ತುಂಬಾ ದೊಡ್ಡದು. ಪೂರ್ವಕ್ಕೆ ಬೆಟ್ಟದೊಳಗೆ ಹೋದರೆ ಸೋಆರ್ ಅ ಮನಿದ್ ಅಂತ ಒಂಟಿ ಚಾಪೆಲ್ ಇದೆ. 1820ರ ದಶಕದ್ದು. ಕುರಿ ಸಾಕುವವರು ಕುದುರೆ ಮೇಲೆ ಬಂದು ಸೇರುತ್ತಿದ್ದರು. ಅಲ್ಲಿಗೆ ಇನ್ನೊಂದು ಸಲ ಹೋಗೋಣ. ಇವತ್ತು ಫಾರ್ಮಿಗೆ ಹೋಗಬೇಕು.

ಅದೆಲ್ಲಿದೆ ಅಂತ ತೋರಿಸುವುದಿಲ್ಲ. ಈಗ ಅಲ್ಲಿ ಬೇರೆಯವರಿದ್ದಾರೆ. ಗೇಟಿನ ಹತ್ತಿರ ಒಬ್ಬ ರೈತ ನಾಯಿ ಜೊತೆ ನಿಂತಿದ್ದರು. ಕ್ಯಾಮೆರಾ ಆಫ್ ಮಾಡಿದೆ, ಮುಂದಿನದ್ದಕ್ಕೆ ನನ್ನ ದನಿ ಮಾತ್ರ ಇದೆ.

ಅತ್ತೆ ವೆಲ್ಷ್‌ನಲ್ಲಿ ಕೇಳಿದರು, ಇಲ್ಲಿ ‘ಕಾಯ್ ಫನ್ನನ್’ ಅಂತ ಹೊಲ ಇದೆಯಾ? ಊಟೆಯ ಹೊಲ ಅಂತ ಅದರ ಅರ್ಥ. ತಾಯಿ ಅಲ್ಲಿಂದಲೇ ನೀರು ತರುತ್ತಿದ್ದಳು ಅಂತ ಮಾಮ್‌ಗೀ ಹೇಳುತ್ತಿದ್ದರು. ರೈತ ಹಿಂದೆ ತಿರುಗಿಯೂ ನೋಡದೆ ಕೈ ಮಾಡಿ ಇಳಿಜಾರಿನ ಒಂದು ಹೊಲ ತೋರಿಸಿದರು. ಈಗಲೂ ಅದೇ ಹೆಸರು. ಊಟೆ ಬತ್ತಿಲ್ಲ, ಕುರಿಗಳು ಅದನ್ನೇ ಕುಡಿಯುತ್ತವೆ ಅಂದರು. ಆಮೇಲೆ, ನೀವು ಯಾರ ಪೈಕಿ ಅಂತ ಕೇಳಿದರು.

ಅತ್ತೆ ತಮ್ಮ ಹೆಸರು ಹೇಳಲಿಲ್ಲ. ಗಂಡನ ಮನೆಯ ಹೆಸರೂ ಹೇಳಲಿಲ್ಲ. ಗೇಟಿನ ಮೇಲೆ ಕೈಯಿಟ್ಟು ಆ ಫಾರ್ಮಿನ ಹೆಸರು ಹೇಳಿದರು.

ರೈತ ಚಿಲಕ ತೆಗೆದರು.