ಟೊರಾಂಟೊದ ಮೂವರು ಮತ್ತು ಒಂದು ಪ್ರಸ್ತಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ರಶ್ ಎಂಬ ರಾಕ್ ಬ್ಯಾಂಡ್ ಬಗ್ಗೆ ಮಾತಾಡುತ್ತೇನೆ. ಅವರನ್ನು ಮೇಲೆತ್ತಿದ್ದು ರೇಡಿಯೋ. ಅದನ್ನು ರೇಡಿಯೋದಲ್ಲೇ ಹೇಳಲು ನನಗೆ ಖುಷಿ.

1974ರಲ್ಲಿ ಕೆನಡಾದ ಟೊರಾಂಟೊದ ಮೂವರು ಹುಡುಗರು ಮೊದಲ ಆಲ್ಬಂ ಮಾಡಿದರು. ದೊಡ್ಡ ಕಂಪನಿಗಳು ಕೈಹಿಡಿಯಲಿಲ್ಲ. ತಮ್ಮದೇ ಲೇಬಲ್ ಹೆಸರಲ್ಲಿ ಹೊರತಂದರು. ಒಂದು ಪ್ರತಿ ಗಡಿ ದಾಟಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ರೇಡಿಯೋ ಸ್ಟೇಷನ್‌ಗೆ ಹೋಯಿತು. ಅಲ್ಲಿದ್ದ ಡೊನಾ ಹಾಲ್ಪರ್ ಅದರಿಂದ 'ವರ್ಕಿಂಗ್ ಮ್ಯಾನ್' ಹಾಡನ್ನು ಆರಿಸಿಕೊಂಡರು. ಬೆಳಗ್ಗೆದ್ದು ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಮನೆಗೆ ಬರುವವನ ಹಾಡು ಅದು. ಕ್ಲೀವ್‌ಲ್ಯಾಂಡ್ ಕಾರ್ಖಾನೆಗಳ ಊರು. ಫೋನ್ ಮೇಲೆ ಫೋನ್ ಬಂದವು. ಇದು ಆಗಿನ ಹೆಸರಾಂತ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್‌ನವರ ಹೊಸ ಹಾಡಾ ಎಂದು ಕೇಳಿದವರೂ ಇದ್ದರಂತೆ. ಅದಾದ ಮೇಲೆ ಅಮೆರಿಕದ ಕಂಪನಿಯೊಂದು ಕರಾರು ಮಾಡಿಕೊಂಡಿತು.

ಅಷ್ಟರಲ್ಲಿ ಡ್ರಮ್ಮರ್ ಜಾನ್ ರಟ್ಸಿ ತಂಡ ಬಿಟ್ಟರು. ಅಮೆರಿಕ ಪ್ರವಾಸಕ್ಕೆ ಉಳಿದಿದ್ದು ಎರಡು ವಾರ. ಆಗ ಬಂದವರು ನೀಲ್ ಪಿಯರ್ಟ್. ಕೃಷಿ ಯಂತ್ರಗಳ ಸ್ಪೇರ್ ಪಾರ್ಟ್ಸ್ ಮಾರುವ ಅಪ್ಪನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಡ್ರಮ್ಸ್ ಜೊತೆಗೆ ಹಾಡು ಬರೆಯುವ ಕೆಲಸವೂ ಅವರ ಪಾಲಿಗೆ ಬಂತು.

1975ರಲ್ಲಿ ಬಂದ ಮೂರನೇ ಆಲ್ಬಂ ಸರಿಯಾಗಿ ಮಾರಾಟವಾಗಲಿಲ್ಲ. ಉದ್ದದ ಹಾಡು ಬೇಡ, ಚಿಕ್ಕದು ಮಾಡಿ ಎಂದು ಕಂಪನಿ ಒತ್ತಡ ಹಾಕಿತು. ಅವರು ಮಾಡಿದ್ದೇನು ಗೊತ್ತಾ? 20 ನಿಮಿಷದ ಒಂದೇ ಕೃತಿ! ರೆಕಾರ್ಡಿನ ಒಂದು ಬದಿ ಪೂರ್ತಿ ಅದೇ. 1976ರ ಆ ಆಲ್ಬಂ ಹೆಸರು '2112'. ಅದೇ ಅವರನ್ನು ಉಳಿಸಿತು.

ಅವರ ಕೈಚಳಕದ ಬಗ್ಗೆ ಹೇಳಲೇಬೇಕು. ಮೂವರೇ ಇದ್ದಾಗ ಯಾರೂ ಯಾರ ಹಿಂದೆಯೂ ಅಡಗಲು ಆಗುವುದಿಲ್ಲ. ಗೆಡ್ಡಿ ಲೀ ಬಾಸ್ ಗಿಟಾರ್ ನುಡಿಸುತ್ತಲೇ ಹಾಡುತ್ತಾರೆ. ಮುಂದಿನ ವರ್ಷಗಳಲ್ಲಿ ಕೀಬೋರ್ಡೂ ಸೇರಿತು, ಕಾಲಲ್ಲಿ ಒತ್ತಿ ನುಡಿಸುವ ಪೆಡಲ್‌ಗಳೂ ಸೇರಿದವು. ಅಲೆಕ್ಸ್ ಲೈಫ್‌ಸನ್ ಗಿಟಾರ್ ಅಗಲವಾದ ಸ್ವರಗುಚ್ಛಗಳಿಂದ ಖಾಲಿ ಜಾಗವನ್ನೆಲ್ಲ ತುಂಬುತ್ತದೆ. ಇನ್ನು ಪಿಯರ್ಟ್. ಜಗತ್ತೇ ಕೊಂಡಾಡುವ ಡ್ರಮ್ಮರ್ ಆದ ಮೇಲೂ, 1990ರ ದಶಕದಲ್ಲಿ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಬಳಿ ಹೋಗಿ ಕಡ್ಡಿ ಹಿಡಿಯುವುದನ್ನೇ ಹೊಸದಾಗಿ ಕಲಿತರು. ನನಗೆ ಅವರ ಯಾವ ಸೋಲೋಗಿಂತಲೂ ಇದೇ ದೊಡ್ಡದು. 2020ರ ಜನವರಿಯಲ್ಲಿ ಅವರು ತೀರಿಕೊಂಡರು.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆ, ಅಲ್ವಾ? ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ರಶ್‌ನ ಒಂದು ಕೃತಿಗೂ ಆ ಲೆಕ್ಕ ಹೊಂದುತ್ತದೆ. ಟೊರಾಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು ವೈ ವೈ ಝಡ್. ಪೈಲಟ್‌ಗಳಿಗಾಗಿ ಅವನ್ನು ಮೋರ್ಸ್ ಸಂಕೇತದಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಉದ್ದದ ಮತ್ತು ಗಿಡ್ಡ ಸದ್ದುಗಳ ಗುಂಪಾಗಿ, ಬಿತ್ತರಿಸುತ್ತಾರೆ. ರಶ್‌ನವರು ಊರಿಗೆ ಮರಳುವಾಗ ವಿಮಾನದಲ್ಲಿ ಆ ಸದ್ದು ಕೇಳಿ, ಅದನ್ನೇ ಲಯ ಮಾಡಿಕೊಂಡರು. 1981ರಲ್ಲಿ ಬಂದ, ಮಾತಿಲ್ಲದ ಆ ಕೃತಿಯ ಹೆಸರೂ 'ವೈ ವೈ ಝಡ್'.

ಉದ್ದದ ಸದ್ದನ್ನು ಗುರು ಅನ್ನಿ, ಗಿಡ್ಡದ್ದನ್ನು ಲಘು ಅನ್ನಿ. ವೈ ಅಂದರೆ ಗುರು, ಲಘು, ಗುರು, ಗುರು. ಏಳು ಮಾತ್ರೆ. ಅದು ಎರಡು ಸಲ. ಝಡ್ ಅಂದರೆ ಗುರು, ಗುರು, ಲಘು, ಲಘು. ಆರು ಮಾತ್ರೆ. ಒಟ್ಟು 20. ನಾಲ್ಕು ಮಾತ್ರೆಗೊಂದರಂತೆ ತಟ್ಟಿದರೆ ಸರಿಯಾಗಿ ಐದು ಪೆಟ್ಟು!

ಸಿಕ್ಕಿದಾಗ ಹಾಕಿ ಕೇಳಿ. ಮೊದಲು ಪುಟ್ಟ ಲೋಹದ ತಟ್ಟೆಗಳ ಮೇಲೆ ಪಿಯರ್ಟ್ ಒಬ್ಬರೇ ಆ ಪ್ರಸ್ತಾರ ನುಡಿಸುತ್ತಾರೆ. ತೊಡೆಯ ಮೇಲೆ ತಾಳ ಹಾಕುತ್ತಾ ಇರಿ. ಏಳು, ಏಳು, ಆರು. ಆಮೇಲೆ ಬಾಸ್ ಮತ್ತು ಗಿಟಾರ್ ಅದೇ ಲೆಕ್ಕಕ್ಕೆ ಒಳಗೆ ಬರುತ್ತವೆ.